ಆಯಾ ಅಕ್ಕನಿಗೂ ಅದೇ ಮಾಸ್ಕ್ ಕೊಡಿ, ವಾರ್ಡಿನ ಕಿಟಕಿ ತೆರೆಯಿರಿ: ಮಂಗಳೂರು, ಉಡುಪಿಯ ಆಸ್ಪತ್ರೆಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಆರೋಗ್ಯಾಧಿಕಾರಿಗಳೇ, ನಮ್ಮೂರಿನ ಆಸ್ಪತ್ರೆಗಳ ಆಡಳಿತ ಮಂಡಳಿಯವರೇ,

ನಮಸ್ಕಾರ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಈ ಕೆಲಸಕ್ಕೆ ಸೇರಿ 17 ವರ್ಷ ಆಯಿತು. ಸುರತ್ಕಲ್ ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. 2020ರಲ್ಲೂ 2021ರಲ್ಲೂ ಕೋವಿಡ್ ವಾರ್ಡಿನಲ್ಲಿದ್ದೆ. ನನಗೆ ಎರಡು ಸಲ ಬಂತು, ಎರಡು ಸಲವೂ ಗುಣವಾಯಿತು. ಎಲ್ಲರಿಗೂ ಹಾಗಾಗಲಿಲ್ಲ. ನನ್ನ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಹಾಕುತ್ತಿಲ್ಲ, ಯಾಕೆಂದರೆ ಇದು ಒಂದು ಆಸ್ಪತ್ರೆಯ ಮೇಲೆ ದೂರು ಅಲ್ಲ. ಬೇರೆ ಬೇರೆ ಕಡೆ ಕೆಲಸ ಮಾಡುವ ನನ್ನ ಗೆಳತಿಯರು ಹೇಳುವುದೂ ಇದನ್ನೇ.

ಈಗ ಯಾಕೆ ಬರೆಯುತ್ತಿದ್ದೀರಿ ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ತುರ್ತು ಸ್ಥಿತಿ ಮುಗಿಯಿತು ಎಂದಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬೆಡ್ ಸಿಗದೆ ಆಂಬ್ಯುಲೆನ್ಸ್‌ಗಳು ಸಾಲು ನಿಂತಾಗ ಯಾರಿಗೂ ಕಿಟಕಿ ನೋಡಲು ಪುರುಸೊತ್ತು ಇರುವುದಿಲ್ಲ. ಈಗ ಉಂಟು.

ಒಂದು ಊದುಬತ್ತಿಯ ವಿಷಯ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ನಮ್ಮ ಒಂದು ವಾರ್ಡನ್ನು ಪೈಂಟಿಂಗ್‌ಗೆಂದು ಖಾಲಿ ಮಾಡಿದ್ದರು. ರೋಗಿಗಳಿಲ್ಲ, ಆಕ್ಸಿಜನ್ ಲೈನ್ ಬಂದ್. (ಆಕ್ಸಿಜನ್ ಇರುವಲ್ಲಿ ಕಿಡಿ ತರುವುದು ದೊಡ್ಡ ಅಪಾಯ, ನಡೆಯುತ್ತಿರುವ ವಾರ್ಡಿನಲ್ಲಿ ದಯವಿಟ್ಟು ಯಾರೂ ಇದನ್ನು ಮಾಡಬೇಡಿ.) ಗಾಳಿ ಎತ್ತ ಹೋಗುತ್ತದೆ ಎಂದು ಹೊಗೆಯಿಂದ ನೋಡಬಹುದು ಅಂತ ಒಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಸೂಪರ್‌ವೈಸರ್ ಹತ್ತಿರ ಕೇಳಿ, ನಾನು ಮತ್ತು ನಮ್ಮ ಆಯಾ ಅಕ್ಕ ಎರಡು ಊದುಬತ್ತಿ ಹಚ್ಚಿದೆವು. ಎಲ್ಲಾ ಕಿಟಕಿ ಮುಚ್ಚಿತ್ತು, ಎಸಿ ಓಡುತ್ತಿತ್ತು, ಅಂದರೆ ವಾರ್ಡ್ ದಿನಾ ಹೇಗಿರುತ್ತದೋ ಹಾಗೆ. ಅಕ್ಕ ಮೂಲೆಯ ಬೆಡ್ಡಿನ ತಲೆದಿಂಬು ಇರುವ ಎತ್ತರಕ್ಕೆ ಬತ್ತಿ ಹಿಡಿದು ನಿಂತರು. ಹೊಗೆ ನೇರ ಮೇಲೆ ಹೋಯಿತು. ಎಸಿಯ ಗಾಳಿ ತಾಗಿದ್ದೇ ಅಡ್ಡ ಹರಡಿತು. ಆಮೇಲೆ ಮೆಲ್ಲ ಇಳಿದು ನಾವು ಕೂತು ಚಾರ್ಟ್ ಬರೆಯುವ ಟೇಬಲ್ ಮೇಲೆ ಬಂದು ನಿಂತಿತು. ಅಲ್ಲಿಂದ ಅಲ್ಲಾಡಲೇ ಇಲ್ಲ. ಬತ್ತಿ ಆರಿಸಿ ಇಪ್ಪತ್ತು ನಿಮಿಷ ಆದರೂ ವಾಸನೆ ಹೋಗಲಿಲ್ಲ.

ಆಮೇಲೆ ಎಸಿ ಬಂದ್ ಮಾಡಿ ಎದುರುಬದುರು ಎರಡು ಕಿಟಕಿ ತೆರೆದೆವು. ಹೊರಗೆ ಮಳೆ ಹನಿಯುತ್ತಿತ್ತು, ಗಾಳಿ ಏನೂ ಜೋರಿರಲಿಲ್ಲ. ಆದರೂ ಹೊಗೆ ದಾರದ ಹಾಗೆ ಬಾಗಿ ಕಿಟಕಿಯಿಂದ ಹೊರಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ವಾಸನೆಯೂ ಇಲ್ಲ.

ಅಕ್ಕ ಟೇಬಲ್ ಕಡೆ ನೋಡಿ, "ಅಂದರೆ ನಾವು ಆಗ ಇದನ್ನೇ ಉಸಿರಾಡಿದ್ದಾ ಸಿಸ್ಟರೇ?" ಎಂದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಅವರು ಯಾಕೆ ಕೇಳಿದರು ಎಂದು ಮುಂದೆ ಹೇಳುತ್ತೇನೆ.

2020ರ ಶುರುವಿನಲ್ಲಿ ನಮಗೆಲ್ಲ ಹೇಳಿದ್ದು ಏನು? ಕೈ ತೊಳೆಯಿರಿ, ಆರು ಅಡಿ ದೂರ ಇರಿ, ಮುಟ್ಟಿದ್ದನ್ನೆಲ್ಲ ಒರೆಸಿ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆಯೇ, ಇದು ಗಾಳಿಯಲ್ಲಿ ಹರಡುವ ರೋಗ ಅಲ್ಲ ಎಂದು ಸೋಷಿಯಲ್ ಮೀಡಿಯಾದಲ್ಲಿ ಹಾಕಿತ್ತು. ಗಾಳಿಯಲ್ಲೂ ಹರಡುತ್ತದೆ ಎಂದು ಸ್ಪಷ್ಟವಾಗಿ ಬರೆಯಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆ ಹೊತ್ತಿಗೆ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಎಷ್ಟೋ ಜನ ಹೋಗಿಯಾಗಿತ್ತು. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ 80 ಸಾವಿರದಿಂದ 1 ಲಕ್ಷ 80 ಸಾವಿರ ಆರೋಗ್ಯ ಸಿಬ್ಬಂದಿ ತೀರಿಕೊಂಡಿರಬಹುದು ಎಂದು ಅದೇ ಸಂಸ್ಥೆ ಅಂದಾಜು ಮಾಡಿದೆ. ಕಡಿಮೆ ಲೆಕ್ಕವನ್ನೇ ಹಿಡಿದರೂ 80 ಸಾವಿರ ಜನ.

ಗಾಳಿಯಲ್ಲಿ ಹರಡುವುದು ಅಂದರೆ ನಮ್ಮೂರಿನವರಿಗೆ ಬೇಗ ಅರ್ಥ ಆಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರು ಬೀಡಿ ಸೇದಿದರೆ ಆರು ಅಡಿ ಆಚೆ ಕೂತವರಿಗೆ ಹೊಗೆ ಬರುವುದಿಲ್ಲವಾ? ಉಸಿರಿನ ಸಣ್ಣ ಕಣಗಳೂ ಹಾಗೇ ತೇಲುತ್ತವೆ. ಅವು ಕಾಣುವುದಿಲ್ಲ, ವಾಸನೆ ಇಲ್ಲ, ಅಷ್ಟೇ ವ್ಯತ್ಯಾಸ. ರೋಗಿ ಕೆಮ್ಮಬೇಕೆಂದೂ ಇಲ್ಲ. ಮಾತಾಡಿದರೂ, ಸುಮ್ನೆ ಉಸಿರಾಡಿದರೂ ಬರುತ್ತವೆ. ಬೆಡ್ಡಿನ ಹತ್ತಿರ ನಿಂತಾಗ ಜಾಸ್ತಿ, ದೂರದಲ್ಲಿ ಕಡಿಮೆ, ಆದರೆ ಗಾಳಿ ಬದಲಾಗದ ಕೋಣೆಯಲ್ಲಿ ಎಂಟು ಗಂಟೆ ಇದ್ದವರಿಗೆ ದೂರವೂ ಅಷ್ಟು ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಹೆಚ್ಚಿನ ವಾರ್ಡುಗಳಲ್ಲಿ ಇರುವುದು ಸ್ಪ್ಲಿಟ್ ಎಸಿ. ಅದು ಹೊರಗಿನ ಗಾಳಿ ಒಳಗೆ ತರುವುದಿಲ್ಲ. ಕೋಣೆಯೊಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ನಮ್ಮ ಮೇಲೆಯೇ ಬಿಡುತ್ತದೆ. ಇದು ಎಷ್ಟೋ ಡಾಕ್ಟರುಗಳಿಗೇ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಂಗಳೂರಿನ ಸೆಖೆಗೆ ಎಸಿ ಬೇಡ ಎಂದು ನಾನು ಹೇಳುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಪಿಪಿಇ ಕಿಟ್ ಒಳಗೆ ಆರು ಗಂಟೆ ನಿಂತು, ಬೆವರು ಬೂಟಿನೊಳಗೆ ಇಳಿದದ್ದು ನನಗೆ ನೆನಪುಂಟು. ಆದರೆ ಎಸಿ ಜೊತೆಗೆ ಹೊರಗಿನ ಗಾಳಿ ಬರಲು, ಒಳಗಿನದು ಹೋಗಲು ದಾರಿ ಬೇಕು. ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್, ಎದುರಿನಲ್ಲಿ ಗಾಳಿ ಬರುವ ಕಿಂಡಿ. ಅದೂ ಆಗದ ಕೋಣೆಗೆ, ಗಾಳಿಯ ಸಣ್ಣ ಕಣಗಳನ್ನೂ ಸೋಸಿ ಹಿಡಿಯುವ ಹೆಪಾ ಫಿಲ್ಟರ್ ಇರುವ ಮೆಷಿನ್. ಸಾಮಾನ್ಯ ವಾರ್ಡಿನಲ್ಲಿ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್, ಗಾಳಿಯಲ್ಲಿ ಹರಡುವ ರೋಗಿಗಳ ಕೋಣೆಯಲ್ಲಿ 160 ಲೀಟರ್ ಹೊಸ ಗಾಳಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಬರೆದಿಟ್ಟಿತ್ತು. ಅಂದರೆ ಕೋವಿಡ್ ಬರುವುದಕ್ಕೆ ಹತ್ತು ವರ್ಷ ಮೊದಲು.

ನಮ್ಮ ಹಿರಿಯರು ಕಟ್ಟಿದ ಆಸ್ಪತ್ರೆಗಳು ಹೀಗಿರಲಿಲ್ಲ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಶುರುವಾದದ್ದು 1848ರಲ್ಲಿ. ಆ ಕಾಲದವರಿಗೆ ವೈರಸ್ ಅಂದರೆ ಏನೆಂದೇ ಗೊತ್ತಿರಲಿಲ್ಲ, ಆದರೆ ರೋಗಿಗೆ ಗಾಳಿ ಬೇಕು ಎಂದು ಗೊತ್ತಿತ್ತು. ಎತ್ತರದ ಮಾಡು, ಹೆಂಚು, ಗೋಡೆಯ ಮೇಲ್ಗಡೆ ವೆಂಟಿಲೇಟರ್ ಕಿಂಡಿ, ಸುತ್ತ ಜಗಲಿ, ಎರಡೂ ಬದಿಯಲ್ಲಿ ಕಿಟಕಿ. ಜಗಲಿಯ ಮಾಡು ಮುಂದೆ ಚಾಚಿಕೊಂಡಿರುವುದರಿಂದ ಆಟಿ ತಿಂಗಳ ಮಳೆಯಲ್ಲೂ ಕಿಟಕಿ ತೆರೆದಿಡಬಹುದಿತ್ತು. ಈಗಿನ ಕಟ್ಟಡಗಳಿಗೆ ಹೊರಗೆ ಗಾಜು. ಕಿಟಕಿ ತೆರೆದರೆ ಎರಚಲು ನೇರ ಬೆಡ್ಡಿಗೆ ಬರುತ್ತದೆ. ಹಾಗಾಗಿ ಜೂನ್‌ನಲ್ಲಿ ಮುಚ್ಚಿದ ಕಿಟಕಿ ಸೆಪ್ಟೆಂಬರ್‌ವರೆಗೆ ತೆರೆಯುವುದಿಲ್ಲ. ಫ್ಲೂ ಜಾಸ್ತಿ ಆಗುವುದೂ ಅದೇ ತಿಂಗಳುಗಳಲ್ಲಿ. ಕಿಟಕಿಗಳ ಮೇಲೆ ಎರಡು ಅಡಿ ಶೀಟಿನ ಮಾಡು ಇಳಿಸಿದರೆ ಸಾಕು, ಬಹುಪಾಲು ದಿನ ತೆರೆದಿಡಬಹುದು. ಇದಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿಸಿ ನೋಡಿ.

ಇನ್ನು ಮಾಸ್ಕಿನ ವಿಷಯ. ಇಲ್ಲಿ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಮೊದಲ ಅಲೆಯಲ್ಲಿ ಎನ್95 ಕಡಿಮೆ ಇತ್ತು, ಒಪ್ಪುತ್ತೇನೆ. ಐದು ಮಾಸ್ಕ್ ಕೊಟ್ಟು, ಕಾಗದದ ಲಕೋಟೆಯಲ್ಲಿ ಹೆಸರು ಮತ್ತು ವಾರ ಬರೆದಿಟ್ಟು, ದಿನಕ್ಕೊಂದರಂತೆ ತಿರುಗಿಸಿ ಹಾಕಿದೆವು. ಸೋಮವಾರದ ಲಕೋಟೆ, ಮಂಗಳವಾರದ ಲಕೋಟೆ. ಆದರೆ ನಾವು ಕೆಲಸ ಮಾಡುತ್ತಿದ್ದಲ್ಲಿ ಆ ಲಕೋಟೆ ಸಿಕ್ಕಿದ್ದು ಡಾಕ್ಟರಿಗೆ ಮತ್ತು ನರ್ಸಿಗೆ. ಆಯಾ, ವಾರ್ಡ್ ಬಾಯ್, ಹೌಸ್‌ಕೀಪಿಂಗ್‌ನವರಿಗೆ ನೀಲಿ ಬಣ್ಣದ ಮೂರು ಪದರದ ಮಾಸ್ಕ್. ಅವರು ರೋಗಿಗೆ ಟ್ರೀಟ್‌ಮೆಂಟ್ ಕೊಡುವುದಿಲ್ಲ, ಅದಕ್ಕೆ ಅಷ್ಟು ಸಾಕು ಎಂದು ಹೇಳಿದರು.

ಟ್ರೀಟ್‌ಮೆಂಟ್ ಕೊಡುವುದಿಲ್ಲ, ನಿಜ. ಆದರೆ ಡಾಕ್ಟರು ರೌಂಡ್ಸ್‌ಗೆ ಬಂದು ಒಂದು ಬೆಡ್ಡಿನ ಹತ್ತಿರ ಐದು ನಿಮಿಷ ನಿಂತರೆ, ಆಯಾ ಅದೇ ರೋಗಿಯನ್ನು ಎತ್ತಿ ಕೂರಿಸಿ, ಬೆನ್ನು ಒರೆಸಿ, ಬೆಡ್‌ಪ್ಯಾನ್ ಇಟ್ಟು, ಗಂಜಿ ಕುಡಿಸಿ, ವಾಂತಿ ಬಳಿದು ಅರ್ಧ ಗಂಟೆ ಅವರ ಮುಖದ ಹತ್ತಿರ ಮುಖ ಇಟ್ಟುಕೊಂಡಿರುತ್ತಾರೆ. ನಮ್ಮ ಆ ಅಕ್ಕ, ಒಬ್ಬ ಅಜ್ಜನಿಗೆ ಸಕ್ಷನ್ ಮಾಡುವಾಗ, ಅಂದರೆ ಪೈಪ್ ಹಾಕಿ ಕಫ ಎಳೆಯುವಾಗ, ತಲೆ ಹಿಡಿದುಕೊಂಡಿದ್ದರು. ಅಜ್ಜ ಜೋರು ಕೆಮ್ಮುತ್ತಿದ್ದರು. ನನ್ನ ಮುಖದಲ್ಲಿ ಎನ್95, ಮೇಲೆ ಶೀಲ್ಡ್. ಅಕ್ಕನ ಮುಖದಲ್ಲಿ ಕೆನ್ನೆಯ ಎರಡೂ ಬದಿ ತೆರೆದುಕೊಂಡಿದ್ದ ನೀಲಿ ಮಾಸ್ಕ್. ನಾನು ಆಗ ಏನೂ ಹೇಳಲಿಲ್ಲ. ಅದು ಈಗಲೂ ನನ್ನನ್ನು ಬಿಟ್ಟಿಲ್ಲ.

ಐದನೇ ದಿನ ಅವರಿಗೆ ಜ್ವರ ಬಂತು. ಅವರಿಂದ ಮನೆಯಲ್ಲಿ ಅತ್ತೆಗೆ ಬಂತು. ಅತ್ತೆ ಉಳಿಯಲಿಲ್ಲ. ಅಕ್ಕ ಹೊರಗುತ್ತಿಗೆಯವರು, ಏಜೆನ್ಸಿಯವರು ರಜೆಯ ದಿನಗಳ ಸಂಬಳ ಹಿಡಿದರು. ಕೇಳಿದ್ದಕ್ಕೆ, ನಿಮಗೆ ಬಸ್ಸಿನಲ್ಲಿ ಬಂದಿರಬಹುದು, ಆಸ್ಪತ್ರೆಯಲ್ಲೇ ಬಂತು ಎನ್ನಲು ಏನು ಸಾಕ್ಷಿ ಎಂದರಂತೆ. ಆಗ ಲಾಕ್‌ಡೌನ್. ಬಸ್ಸೇ ಇರಲಿಲ್ಲ. ಅಕ್ಕ ನಡೆದುಕೊಂಡು ಬರುತ್ತಿದ್ದರು.

ಮಾಸ್ಕ್ ಕೊಟ್ಟರೂ ಸಾಲದು, ಅದು ಮುಖಕ್ಕೆ ಕೂರಬೇಕು. ನನಗೆ ಮೊದಲ ಸಲ ಫಿಟ್ ಟೆಸ್ಟ್ ಮಾಡಿದ್ದು 2021ರ ಕೊನೆಗೆ, ಹೊರಗಿನವರು ನಡೆಸಿದ ಒಂದು ತರಬೇತಿಯಲ್ಲಿ. ಮಾಸ್ಕ್ ಹಾಕಿದ ಮೇಲೆ ತಲೆಗೆ ದೊಡ್ಡ ಪಾರದರ್ಶಕ ಚೀಲದಂಥದ್ದು ಹಾಕಿ, ಅದರೊಳಗೆ ಸ್ಯಾಕರಿನ್ ನೀರು ಸ್ಪ್ರೇ ಮಾಡುತ್ತಾರೆ. ಮಾಸ್ಕ್ ಸರಿ ಇದ್ದರೆ ಸಿಹಿ ಗೊತ್ತಾಗಬಾರದು. ಸುಮ್ಮನೆ ನಿಂತಾಗ ಏನೂ ಗೊತ್ತಾಗಲಿಲ್ಲ. ಬಲಕ್ಕೆ ತಿರುಗಿ ಎಂದರು. ತಿರುಗಿದ ಕೂಡಲೇ ನಾಲಗೆಗೆ ಸಿಹಿ ತಾಗಿತು. ಎರಡು ವರ್ಷ ಅದೇ ಕಂಪೆನಿಯ, ಅದೇ ಸೈಜಿನ ಮಾಸ್ಕ್ ಹಾಕಿ ಐಸಿಯುನಲ್ಲಿ ಬೆಡ್ಡಿನಿಂದ ಬೆಡ್ಡಿಗೆ ತಿರುಗುತ್ತಾ ಇದ್ದೆ ನಾನು. ಆ ದಿನ ನಮ್ಮಲ್ಲಿ ಸಣ್ಣ ಮುಖದ ಹುಡುಗಿಯರು ಸುಮಾರು ಜನ ಫೇಲ್ ಆದರು. ಗಡ್ಡ ಬಿಟ್ಟ ಇಬ್ಬರು ಟೆಕ್ನಿಷಿಯನ್‌ಗಳಿಗೂ ಸಿಹಿ ಬಂತು. ಬೇರೆ ಮಾಡೆಲ್, ಕಿವಿಗೆ ಸಿಕ್ಕಿಸುವ ಬದಲು ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು ಕೊಟ್ಟಾಗ ನಾನು ಪಾಸ್ ಆದೆ. ಎನ್95 ಅಂದರೆ ಹಿಡಿಯಲು ತುಂಬಾ ಕಷ್ಟವಾದ 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ಕನಿಷ್ಠ 95 ಶೇಕಡಾ ಹಿಡಿಯುವ ಬಟ್ಟೆ. ಆದರೆ ಗಾಳಿ ಬಟ್ಟೆಯ ಮೂಲಕ ಬಂದರೆ ಮಾತ್ರ ಆ ಲೆಕ್ಕ. ಕೆನ್ನೆಯ ಸಂದಿನಲ್ಲಿ ಬಂದರೆ ಎಲ್ಲಿಯ 95?

ಟೆಂಡರ್ ಕರೆಯುವಾಗ ಎರಡು ಮೂರು ಮಾಡೆಲ್, ಎರಡು ಸೈಜ್ ತರಿಸಿ. ವರ್ಷಕ್ಕೊಮ್ಮೆ ಎಲ್ಲರಿಗೂ ಫಿಟ್ ಟೆಸ್ಟ್ ಮಾಡಿಸಿ. ಎಲ್ಲರಿಗೂ ಅಂದರೆ ಎಲ್ಲರಿಗೂ: ಗ್ರೂಪ್ ಡಿ, ಹೊರಗುತ್ತಿಗೆ, ಆಂಬ್ಯುಲೆನ್ಸ್ ಡ್ರೈವರ್, ಎಕ್ಸ್‌ರೇಯವರು, ಲ್ಯಾಬಿನವರು, ಬಿಲ್ಲಿಂಗ್ ಕೌಂಟರಿನವರು, ಗೇಟಿನ ಸೆಕ್ಯೂರಿಟಿ ಅಣ್ಣ. ನರ್ಸಿಂಗ್ ಓದುವ ಮಕ್ಕಳಿಗೂ. ದಕ್ಷಿಣ ಕನ್ನಡ ಒಂದರಲ್ಲೇ ಎಂಟು ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜುಗಳಂತೂ ಅದಕ್ಕಿಂತ ಎಷ್ಟೋ ಜಾಸ್ತಿ. ವಾರ್ಡಿಗೆ ಬರುವ ಆ ಮಕ್ಕಳು ಸಿಬ್ಬಂದಿಯ ಪಟ್ಟಿಯಲ್ಲಿ ಇರುವುದಿಲ್ಲ. ನನ್ನ ಬ್ಯಾಚಿನ ಒಬ್ಬಳಿಗೆ ಮೂರನೇ ವರ್ಷದಲ್ಲಿ ಟಿಬಿ ಬಂದಿತ್ತು. ಟಿಬಿಯೂ ಗಾಳಿಯಲ್ಲೇ ಹರಡುವುದು, ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಹಾಗಾಗಿ ಈ ಕಿಟಕಿ, ಈ ಮಾಸ್ಕ್ ಮುಂದಿನ ಮಹಾಮಾರಿಗೆ ಮಾತ್ರ ಅಲ್ಲ, ನಾಳೆ ಬೆಳಗ್ಗಿನ ಡ್ಯೂಟಿಗೂ ಬೇಕು.

ಎಲ್ಲಕ್ಕಿಂತ ಜಾಸ್ತಿ ಅಪಾಯ ಎಲ್ಲಿ ಗೊತ್ತಾ? ಕೋವಿಡ್ ವಾರ್ಡಿನಲ್ಲಿ ಅಲ್ಲ. ಅಲ್ಲಿ ಎಲ್ಲರಿಗೂ ಹೆದರಿಕೆ ಇರುತ್ತದೆ, ಜಾಗ್ರತೆ ಇರುತ್ತದೆ. ಅಪಾಯ ಇರುವುದು ಕ್ಯಾಶುವಾಲಿಟಿಯಲ್ಲಿ, ಏನು ರೋಗ ಎಂದು ಇನ್ನೂ ಗೊತ್ತಿಲ್ಲದ ಹೊತ್ತಿನಲ್ಲಿ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ಬಂದದ್ದು ನಿಮಗೆ ನೆನಪಿರಬಹುದು. ಇಲ್ಲಿಂದ ರೈಲು ಹತ್ತಿದರೆ ನಾಲ್ಕೈದು ಗಂಟೆಯ ದಾರಿ. ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ಅದು ನಿಪಾ ಎಂದು ಯಾರಿಗೂ ಗೊತ್ತಿಲ್ಲದಾಗ ರೋಗಿಯನ್ನು ನೋಡಿಕೊಂಡರು, ಮೇ 21ರಂದು ತೀರಿಕೊಂಡರು. ಎರಡು ಸಣ್ಣ ಮಕ್ಕಳ ತಾಯಿ. ಆ ಸಲ ರೋಗ ಹಬ್ಬಿದ್ದು ಹೆಚ್ಚಾಗಿ ಆಸ್ಪತ್ರೆಗಳ ಒಳಗೇ. ಮೆಡಿಕಲ್ ಕಾಲೇಜಿನಲ್ಲಿ ಸ್ಕ್ಯಾನಿಂಗ್ ಕೋಣೆಯ ಹೊರಗಿನ ಕಾರಿಡಾರಿನಲ್ಲಿ ಕೆಮ್ಮುತ್ತಿದ್ದ ಒಬ್ಬ ರೋಗಿಯ ಹತ್ತಿರ ಇದ್ದವರಿಗೆ, ಬೇರೆ ರೋಗಿಗಳ ಜೊತೆ ಬಂದವರಿಗೆ ಕೂಡ ಅಂಟಿತು. ನಮ್ಮ ಆಸ್ಪತ್ರೆಗಳ ಸ್ಕ್ಯಾನಿಂಗ್ ಕಾರಿಡಾರುಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಒಂದು ಸಾಲು ಕುರ್ಚಿ, ಟ್ಯೂಬ್‌ಲೈಟ್, ಕಿಟಕಿ ಇಲ್ಲ.

ಇನ್ನೊಂದು ಉದಾಹರಣೆ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. 2003ರಲ್ಲಿ ಸಾರ್ಸ್, ಅಂದರೆ ಕೋವಿಡ್ ಜಾತಿಯದೇ ವೈರಸ್ಸಿನ ಶ್ವಾಸಕೋಶದ ರೋಗ, ಬಂದಾಗ ಕೆನಡಾದ ಎರಡು ಊರುಗಳ ಆಸ್ಪತ್ರೆಗಳಿಗೆ ಒಂದೇ ದಿನ, ಮಾರ್ಚ್ 7ರಂದು, ತಲಾ ಒಬ್ಬ ರೋಗಿ ಬಂದರು. ವ್ಯಾಂಕೂವರ್‌ನಲ್ಲಿ ಬಂದವರಿಗೆ ಏನೋ ವಿಚಿತ್ರ ಜ್ವರ ಎಂದು ಅನಿಸಿದ ಕೂಡಲೇ ಬೇರೆ ಕೋಣೆಗೆ ಹಾಕಿದರು, ಸಿಬ್ಬಂದಿ ಎನ್95 ಹಾಕಿಕೊಂಡೇ ಹತ್ತಿರ ಹೋದರು. ಅಲ್ಲಿಗೆ ಮುಗಿಯಿತು. ಟೊರಾಂಟೊದಲ್ಲಿ ಬಂದವರು ಎಮರ್ಜೆನ್ಸಿಯಲ್ಲಿ ಬೇರೆ ರೋಗಿಗಳ ಪಕ್ಕದಲ್ಲೇ ಗಂಟೆಗಟ್ಟಲೆ ಇದ್ದರು. ಅಲ್ಲಿಂದ ಊರಿಡೀ ಹಬ್ಬಿತು. ಇಬ್ಬರು ನರ್ಸ್, ಒಬ್ಬ ಡಾಕ್ಟರ್ ಸತ್ತರು. ಆ ವರ್ಷ ಜಗತ್ತಿನಲ್ಲಿ ಸಾರ್ಸ್ ಬಂದ 8,098 ಜನರಲ್ಲಿ ಸುಮಾರು ಐದರಲ್ಲಿ ಒಬ್ಬರು ಆಸ್ಪತ್ರೆಯವರೇ. ಆಮೇಲೆ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗ ಹೇಳಿದ ಮುಖ್ಯ ಮಾತು: ವಿಜ್ಞಾನ ಪೂರ್ತಿ ಖಚಿತ ಆಗುವವರೆಗೆ ಕಾಯಬೇಡಿ, ಮೊದಲು ಸಿಬ್ಬಂದಿಯನ್ನು ಕಾಪಾಡಿ. ನಾವು 2020ರಲ್ಲಿ ಮಾಡಿದ್ದು ಇದರ ಉಲ್ಟಾ, ಅಲ್ವಾ?

ಬಾಗಿಲಲ್ಲೇ ಒಬ್ಬರನ್ನು ಕೂರಿಸಿ, ಕೆಮ್ಮು ಜ್ವರ ಇರುವವರಿಗೆ ಮಾಸ್ಕ್ ಕೊಟ್ಟು, ಬೇರೆ ಜಾಗದಲ್ಲಿ, ಸಾಧ್ಯವಿದ್ದರೆ ಜಗಲಿಯಲ್ಲೇ ಕೂರಿಸಿ. ಬೋರ್ಡ್ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ತಲಪಾಡಿ ಗಡಿ ಆಚೆಯ ಕೇರಳದಿಂದ ಎಷ್ಟು ಜನ ಬರುತ್ತಾರೆ ಎಂದು ನಿಮಗೆ ಗೊತ್ತಿದೆ.

ನಮ್ಮ ಕಡೆಯ ತಪ್ಪೂ ಒಂದು ಹೇಳಬೇಕು. ವಾರ್ಡಿನಲ್ಲಿ ಅಷ್ಟು ಜಾಗ್ರತೆ ಮಾಡಿ, ಆಮೇಲೆ ಹತ್ತು ಅಡಿಗೆ ಎಂಟು ಅಡಿಯ ಚಾ ಕುಡಿಯುವ ಕೋಣೆಯಲ್ಲಿ ಎಂಟು ಜನ ಮಾಸ್ಕ್ ಕಳಚಿ, ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದೆವು. ಬೇರೆ ಜಾಗ ಇರಲಿಲ್ಲ. ನನಗೆ ಎರಡನೇ ಸಲ ಬಂದದ್ದು ಅಲ್ಲೇ ಎಂದು ನನ್ನ ನಂಬಿಕೆ, ಯಾಕೆಂದರೆ ಆ ದಿನ ಜೊತೆಗೆ ಉಂಡ ನಾಲ್ವರಿಗೆ ಒಂದೇ ವಾರದಲ್ಲಿ ಬಂತು. ಟೆರೇಸಿನಲ್ಲಿ ಒಂದು ಶೀಟ್ ಹಾಕಿ ನಾಲ್ಕು ಬೆಂಚ್ ಇಟ್ಟುಕೊಟ್ಟರೆ ನಾವು ಅಲ್ಲೇ ಉಣ್ಣುತ್ತೇವೆ. ಹಾಸ್ಟೆಲಿನಲ್ಲೂ ಒಂದು ಕೋಣೆ ಖಾಲಿ ಇರಲಿ. ಆರು ಜನ ಮಲಗುವ ಕೋಣೆಯಲ್ಲಿ ಒಬ್ಬಳಿಗೆ ಜ್ವರ ಬಂದರೆ ಅವಳು ಎಲ್ಲಿಗೆ ಹೋಗಬೇಕು?

ಪಿಪಿಇ ತೆಗೆಯುವ ಜಾಗದಲ್ಲಿ ಒಂದು ಆಳೆತ್ತರದ ಕನ್ನಡಿ ಹಾಕಿ, ಎದುರಿಗೆ ಒಬ್ಬರು ನಿಂತು ನೋಡಲಿ. ಆರು ಗಂಟೆ ನೀರು ಕುಡಿಯದೆ, ಬಾತ್‌ರೂಮಿಗೆ ಹೋಗದೆ ಸುಸ್ತಾದವಳು ಕಳಚುವ ಗಡಿಬಿಡಿಯಲ್ಲಿ ಕೈಯನ್ನು ಮುಖಕ್ಕೆ ತಾಗಿಸಿಬಿಡುತ್ತಾಳೆ. ಹಾಕುವಾಗಿನದಕ್ಕಿಂತ ತೆಗೆಯುವಾಗಲೇ ತಪ್ಪು ಜಾಸ್ತಿ.

ಪರಿಹಾರದ ಬಗ್ಗೆಯೂ ಒಂದು ಮಾತು. ಕೋವಿಡ್ ಕೆಲಸದಲ್ಲಿ ತೀರಿಕೊಂಡವರಿಗೆ ಕೇಂದ್ರ ಸರ್ಕಾರ 50 ಲಕ್ಷದ ವಿಮೆ ತಂದಿತ್ತು, ಒಳ್ಳೆಯ ಕೆಲಸ. ಆದರೆ ಖಾಸಗಿಯವರಿಗೆ ಅದು ಸಿಗಬೇಕಾದರೆ ಸರ್ಕಾರವೇ ಕೋವಿಡ್ ಕೆಲಸಕ್ಕೆ ಕರೆಸಿಕೊಂಡಿರಬೇಕಿತ್ತು. ಕಾಲು ಮುರಿದು ಬಂದ ರೋಗಿಯಿಂದ ಆರ್ಥೋ ವಾರ್ಡಿನ ಆಯಾಗೆ ಬಂದರೆ? ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯಿದೆಯ ಮೂರನೇ ಶೆಡ್ಯೂಲಿನಲ್ಲಿ, ಆಸ್ಪತ್ರೆಯಂಥ ಕೆಲಸದಲ್ಲಿ ಅಂಟಿದ ರೋಗವನ್ನು ಕೆಲಸದಿಂದ ಬಂದ ರೋಗ ಎಂದೇ ಸೇರಿಸಿದ್ದರು. ಕಾನೂನಿಗೆ ಇದು ಗೊತ್ತಿತ್ತು. ಬಸ್ಸಿನಲ್ಲಿ ಬಂದಿರಬಹುದು ಎಂಬ ಉತ್ತರ ಇನ್ನು ಮುಂದೆ ಯಾವ ಏಜೆನ್ಸಿಯಿಂದಲೂ ಬಾರದ ಹಾಗೆ, ಸೋಂಕು ಬಂದವರಿಗೆ ಸಂಬಳ ಸಹಿತ ರಜೆ ಎಂದು ಹೊರಗುತ್ತಿಗೆಯ ಕರಾರಿನಲ್ಲೇ ಬರೆಸಿ. ಅದು ನಿಮ್ಮ ಒಂದು ಸಹಿಯ ಕೆಲಸ.

2020ರ ಮಾರ್ಚ್ 22ರ ಸಂಜೆ ಜನ ಚಪ್ಪಾಳೆ ತಟ್ಟಿದಾಗ ನಾನು ಡ್ಯೂಟಿಯಲ್ಲಿದ್ದೆ. ಕಿಟಕಿಯಿಂದ ಕೇಳಿಸಿತು, ಕಣ್ಣು ತುಂಬಿತು. ಆ ಪ್ರೀತಿಯನ್ನು ನಾವು ಮರೆತಿಲ್ಲ. ನಮ್ಮನ್ನು ಯೋಧರು ಎಂದಿರಿ. ನಾವು ಕೆಲಸಕ್ಕೆ ಬಂದವರು, ಸಂಜೆ ಮನೆಗೆ ಹೋಗಿ ಮಗುವಿನ ಪಕ್ಕ ಮಲಗಬೇಕಾದವರು.

ಪೈಂಟಿಂಗ್ ಮುಗಿದು ಆ ವಾರ್ಡ್ ಮತ್ತೆ ತುಂಬಿದೆ. ಎಂಟು ಕಿಟಕಿಗಳಲ್ಲಿ ಐದು ಪೈಂಟ್ ಒಣಗಿ ಅಂಟಿಕೊಂಡಿವೆ, ತೆರೆಯಲು ಬರುವುದಿಲ್ಲ. ಮೇಂಟೆನೆನ್ಸ್‌ನವರಿಗೆ ಎರಡು ಸಲ ಚೀಟಿ ಕೊಟ್ಟಿದ್ದೇವೆ. ನಿಮ್ಮ ನಿಮ್ಮ ವ್ಯಾಪ್ತಿಯ ಆಸ್ಪತ್ರೆಗಳಿಗೆ ಈ ತಿಂಗಳೇ ಹೋಗಿ, ಮೊದಲೇ ಹೇಳದೆ ಹೋಗಿ, ರಾತ್ರಿ ಡ್ಯೂಟಿಯ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಕಾರ್ಬನ್ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಒಂದು ಹಿಡಿದುಕೊಂಡು ಹೋಗಿ. ಹೊರಗೆ ಸುಮಾರು 420 ತೋರಿಸುತ್ತದೆ. ವಾರ್ಡಿನಲ್ಲಿ, ಚಾ ಕೋಣೆಯಲ್ಲಿ, ಸ್ಕ್ಯಾನಿಂಗ್ ಕಾರಿಡಾರಿನಲ್ಲಿ ಎಷ್ಟು ತೋರಿಸುತ್ತದೆ ನೋಡಿ. ಸಾವಿರ ದಾಟಿದರೆ ಅಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆಯುತ್ತಿದ್ದಾರೆ ಎಂದು ತಿಳಿಯಿರಿ. ಆಮೇಲೆ ಅಲ್ಲಿ ನೆಲ ಒರೆಸುತ್ತಿರುವ ಅಕ್ಕನ ಮುಖದಲ್ಲಿ ಯಾವ ಮಾಸ್ಕ್ ಉಂಟು ಎಂದೂ ನೋಡಿ. ಮಳೆ ಶುರುವಾಗುವ ಮೊದಲು ಹೋಗಿ.

ಇಂತಿ,
ಮಂಗಳೂರಿನ ಒಬ್ಬ ನರ್ಸ್